ನಲವತ್ತರಲ್ಲಿ ಒಂದು ಸಲ

ಜೂನ್ 3, ಸೋಮವಾರ

ಈ ಪುಸ್ತಕ ಭಾವ ತಂದುಕೊಟ್ಟದ್ದು. ಭಾವ ಲಿಫ್ಟ್ ರಿಪೇರಿ ಮಾಡುತ್ತಾರೆ. ಲಿಫ್ಟಿನ ಮೋಟರ್ ಕೋಣೆಯಲ್ಲಿ ಇಡುವ ಪುಸ್ತಕ ಇದು, ಪ್ರತಿ ಪುಟದಲ್ಲೂ ನಾಲ್ಕು ಕಾಲಂ: ದಿನಾಂಕ, ದೋಷ, ಮಾಡಿದ ಕೆಲಸ, ಸಹಿ. "ಸಿಟ್ಟು ಬಂದಾಗ ಗೋಡೆಗೆ ಗುದ್ದೋ ಬದಲು ಇದರಲ್ಲಿ ಬರಿಯೇ ಕಿಡಿ" ಅಂದರು. ಕಿಡಿ ಅಂದರೆ ನಾನು. ಕಾಲಂ ಗೀಲಂ ನಾನು ನೋಡುವುದಿಲ್ಲ, ಗೆರೆಗಳ ಮೇಲೆಯೇ ಬರೆದುಕೊಂಡು ಹೋಗುತ್ತೇನೆ. ಸಹಿಯಂತೂ ಹಾಕುವುದೇ ಇಲ್ಲ.

ಇವತ್ತು ಕೆಲಸದ ಮೊದಲ ದಿನ. ಮೂರು ತಿಂಗಳು ನೋಡುತ್ತಾರಂತೆ, ಸರಿಹೋದರೆ ಇಟ್ಟುಕೊಳ್ಳುತ್ತಾರಂತೆ. ಹತ್ತೊಂಬತ್ತು ವರ್ಷಕ್ಕೇ ಮೂರು ಅಂಗಡಿಗೆ ಸೇರಿ ಮೂರರಲ್ಲೂ ಜಗಳ ಆಡಿ ಬಂದಿದ್ದೇನೆ. ಇದೂ ಹೋದರೆ ಅಕ್ಕನಿಗೆ ಯಾವ ಮುಖ ತೋರಿಸುವುದು? ಅವಳ ಮನೆ, ಅವಳ ಕೋಣೆ, ಅವಳ ಕರೆಂಟು.

ಕೆಲಸ ಇಷ್ಟು. ಪ್ರೋಗ್ರಾಂಗಳು ನೆಟ್‌ವರ್ಕಿನಲ್ಲಿ ಒಂದಕ್ಕೊಂದು ಮಾತಾಡಲು ಬಳಸುವ ದೊಡ್ಡ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಒಂದಿದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಎಷ್ಟು ಜನ ಬಳಸುತ್ತಾರೋ ಅದನ್ನು ನಡೆಸುವವರಿಗೇ ಗೊತ್ತಿಲ್ಲ. ಯಾರಾದರೂ ಒಂದು ಸಾಲು ತಿದ್ದಿದರೂ ಇಡೀ ಲೈಬ್ರರಿಯನ್ನು ಏಳು ಥರದ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿ ನಾಲ್ಕು ಸಾವಿರ ಟೆಸ್ಟ್ ಓಡಿಸಬೇಕು. ಎಲ್ಲ ಪಾಸಾದರೆ ಬೋರ್ಡಿನಲ್ಲಿ ಹಸಿರು, ಒಂದು ಬಿದ್ದರೂ ಕೆಂಪು. ಈ ಕಟ್ಟುವುದು, ಓಡಿಸುವುದು ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಪಾಲು. ಎರಡು ವರ್ಷದಿಂದ ಪುಕ್ಕಟೆ ತಿದ್ದುಪಡಿ ಕಳಿಸುತ್ತಿದ್ದೆ, ಅದನ್ನು ನೋಡಿ ಕರೆದರು. ಯಾವ ಕ್ಲಾಸಿನವರೆಗೆ ಓದಿದ್ದೀಯ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಜಗಳ ಆಗುತ್ತಿತ್ತು.

ಲೈಬ್ರರಿಯ ಯಜಮಾನನ ಫೋಟೋದಲ್ಲಿ ಬರೀ ಗಡ್ಡ ಕಾಣುತ್ತದೆ. ಗಡ್ಡ ಅಂತಲೇ ಬರೆಯುತ್ತೇನೆ. ಇನ್ನೊಬ್ಬಳು ಇದ್ದಾಳೆ, ಎಲ್ಲರ ತಿದ್ದುಪಡಿಗಳನ್ನು ಓದಿ ಒಪ್ಪುವವಳು, ತನ್ನ ಫೋಟೋ ಜಾಗದಲ್ಲಿ ಆಮೆ ಹಾಕಿಕೊಂಡಿದ್ದಾಳೆ. ಉತ್ತರ ಕೊಡುವುದಕ್ಕೂ ಎರಡು ದಿನ. ಚಿತ್ರ ಸರಿಯಾಗೇ ಇದೆ.

ಮೇಜು ಇರಲಿಲ್ಲ. ಭಾವ ಹಳೇ ಲಿಫ್ಟಿನ ಒಂದು ಬಾಗಿಲು ತಂದು ಎರಡು ಸ್ಟೂಲಿನ ಮೇಲೆ ಮಲಗಿಸಿದ್ದಾರೆ. ನನ್ನ ಮೊಣಕೈ ಬರುವ ಜಾಗದಲ್ಲಿ ಸರಿಯಾಗಿ "ಒರಗಬೇಡಿ" ಅಂತ ಇದೆ.

ಜೂನ್ 6, ಗುರುವಾರ

ಬೋರ್ಡು ಯಾವಾಗ ನೋಡಿದರೂ ಕೆಂಪು. ಕೆಂಪಾದಾಗ ಈ ಜನ ಏನು ಮಾಡುತ್ತಾರೆ? ಏನು ಕೆಟ್ಟಿದೆ ಅಂತ ಓದುತ್ತಾರಾ? ಎಲ್ಲಿಂದ. "ಮತ್ತೆ ಓಡಿಸು" ಅಂತ ಒಂದು ಬಟನ್ ಇದೆ, ಒತ್ತುತ್ತಾರೆ. ಹಸಿರಾಗುವ ತನಕ ಒತ್ತುತ್ತಾರೆ. ದೊಡ್ಡ ದೊಡ್ಡ ಡಿಗ್ರಿಯವರು, ಲಿಫ್ಟಿಗೆ ಕಾಯುವವರ ಥರ ಕುಟ್ಟುತ್ತಾ ನಿಂತಿದ್ದಾರೆ.

ಅರ್ಧಕ್ಕರ್ಧ ಇವು ಮರ್ಜಿ ಟೆಸ್ಟುಗಳು. ಮನಸ್ಸು ಬಂದರೆ ಪಾಸು, ಇಲ್ಲದಿದ್ದರೆ ಇಲ್ಲ. ಒಂದಂತೂ ನಲವತ್ತು ಸಲ ಓಡಿಸಿದರೆ ಒಂದು ಸಲ ಬೀಳುತ್ತದೆ, ಯಾವ ಸಲ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಬರೆದವಳು ಆಮೆ. ಅದರ ತಲೆಯ ಮೇಲೆ ಒಂದು ಸಾಲು ಬೇರೆ ಬರೆದಿಟ್ಟಿದ್ದಾಳೆ: "ಇದು ಕೆಂಪಾದರೆ ಟೆಸ್ಟನ್ನು ಬೈಯಬೇಡಿ."

ಬೈದೆ. ಎಲ್ಲರೂ ಓದುವ ಜಾಗದಲ್ಲೇ ಬರೆದೆ: "ಮರ್ಜಿ ಬಂದಾಗ ಪಾಸಾಗೋ ಟೆಸ್ಟ್ ಬರ್ದು ಮೇಲೆ ಉಪದೇಶ ಬೇರೆ."

ಸಂಜೆ ಉತ್ತರ ಬಂತು. "ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಅದು ಯಾಕೆ ಬೀಳುತ್ತೆ ಅಂತ ನನಗೂ ಇನ್ನೂ ಸಿಕ್ಕಿಲ್ಲ. ಪುರುಸೊತ್ತಾದಾಗ ಒಟ್ಟಿಗೆ ಕೂತು ನೋಡೋಣ್ವಾ?"

ಒಟ್ಟಿಗಂತೆ. ಸಂದೇಶ ಮುಚ್ಚಿ ಎದ್ದೆ.

ಜೂನ್ 11, ಮಂಗಳವಾರ

ಬೆಳಗ್ಗೆ ಎದ್ದು ನೋಡಿದರೆ ನೂರ ನಲವತ್ತು ಟೆಸ್ಟ್ ಒಟ್ಟಿಗೆ ಮಲಗಿದ್ದವು. ಯಾರೂ ಏನೂ ತಿದ್ದಿರಲಿಲ್ಲ. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದಾರೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಆ ಟೆಸ್ಟುಗಳೆಲ್ಲ ಒಂದು ಸುಳ್ಳು ಸರ್ಟಿಫಿಕೇಟ್, ಅಂದರೆ ಕಂಪ್ಯೂಟರಿನ ಗುರುತುಪತ್ರ, ಬಳಸುತ್ತವೆ, ಹತ್ತು ವರ್ಷಕ್ಕೆ ಸಾಕು ಅಂತ ಯಾರೋ ಮಾಡಿಟ್ಟದ್ದು. ಹತ್ತು ವರ್ಷ ನಿನ್ನೆಗೆ ಮುಗಿಯಿತು.

"ಯಾವ ಮಹಾನುಭಾವ ಇದನ್ನ ಹಾಕಿದ್ದು?" ಅಂತ ಬರೆದೆ.

ಗಡ್ಡ ಬರೆದ: "ನಾನೇ. ಈ ಲೈಬ್ರರಿ ಹತ್ತು ವರ್ಷ ಬದುಕುತ್ತೆ ಅಂತ ಯಾರಿಗೆ ಗೊತ್ತಿತ್ತು?"

ನಗು ಬಂತು. ಯಾರೂ ನೋಡಲಿಲ್ಲ.

ಜೂನ್ 14, ಶುಕ್ರವಾರ

ಇವತ್ತು ನನ್ನ ದಿನ!

ಜನ ಬಟನ್ ಒತ್ತುವುದೇ ಆದರೆ ಅದನ್ನು ಕಂಪ್ಯೂಟರೇ ಒತ್ತಲಿ ಅಂತ ಬರೆದುಬಿಟ್ಟೆ. ಬಿದ್ದ ಟೆಸ್ಟಿಗೆ ಮೂರು ಅವಕಾಶ. ಮೂರರಲ್ಲಿ ಒಂದು ಸಲ ಪಾಸಾದರೂ ಹಸಿರು. ಮರ್ಜಿಗಳ ಮರ್ಜಿ ಇಲ್ಲಿಗೆ ಮುಗಿಯಿತು.

ಆಮೆ ಈ ಸಲ ಹತ್ತೇ ನಿಮಿಷದಲ್ಲಿ ಬಂದಳು. "ಇದರಲ್ಲಿ ನಿಜವಾದ ದೋಷವೂ ಮುಚ್ಚಿಹೋಗಬಹುದಲ್ವಾ? ಕೊನೇಪಕ್ಷ ಯಾವುದು ಎಷ್ಟು ಸಲ ಬಿದ್ದು ಎದ್ದಿದೆ ಅಂತ ದಾಖಲೆ ಇರಲಿ."

ಹಾಕಿದೆ. ಅದಕ್ಕೆ ಅಂತ ಒಂದು ಫೈಲು, ಪ್ರತಿ ಸಾಲೂ ಅರವತ್ತು ದಿನ ಇದ್ದು ತಾನೇ ಅಳಿಸಿಹೋಗುತ್ತದೆ.

"ವಾರಕ್ಕೊಂದ್ಸಲ ಅದನ್ನ ನೋಡ್ತೀರಾ?"

"ನೋಡ್ತೀನಿ" ಅಂದೆ. ಪೀಡೆ ತೊಲಗಿದರೆ ಸಾಕಾಗಿತ್ತು.

ಗಡ್ಡ ಒಪ್ಪಿದ. ಮಧ್ಯಾಹ್ನ ಎರಡು ಗಂಟೆಗೆ ಇಡೀ ಬೋರ್ಡು ಹಸಿರಾಯಿತು. ಮೇಲಿಂದ ಕೆಳಗಿನವರೆಗೆ, ಏಳಕ್ಕೆ ಏಳೂ. ಯಾರ ಯಾರೋ, ಎಲ್ಲೆಲ್ಲಿಯವರೋ ಚಪ್ಪಾಳೆಯ ಚಿತ್ರ ಕಳಿಸಿದರು. ಎಣಿಸಿದೆ, ಮೂವತ್ತೊಂದು.

ಅಕ್ಕ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದ ಕೂಡಲೇ ತೋರಿಸಿದೆ. ಅವಳು ಹತ್ತಿರ ಬಗ್ಗಿ ನೋಡಿ, "ಚೆನ್ನಾಗಿದೆ. ಹಸಿರು ಅಂದ್ರೆ ಏನೇ?" ಅಂದಳು.

"ಎಲ್ಲ ಸರಿ ಇದೆ ಅಂತ."

"ನಿನ್ನೆ ಸರಿ ಇರಲಿಲ್ವಾ?"

ಇವಳಿಗೆ ಹೇಳಿ ಪ್ರಯೋಜನ ಇಲ್ಲ.

ಜೂನ್ 25, ಮಂಗಳವಾರ

ಹಸಿರು. ಹನ್ನೆರಡನೇ ದಿನ.

ಜುಲೈ 9, ಮಂಗಳವಾರ

ಭಾವ ಮೂರು ದಿನದಿಂದ ಒಂದೇ ಲಿಫ್ಟಿನಲ್ಲಿ ಕೂತಿದ್ದಾರೆ. ನಿಜವಾಗಲೂ ಕೂತಿದ್ದಾರೆ, ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು. ಆರು ಮಹಡಿಯ ಯಾವುದೋ ಆಫೀಸು. ಆ ಲಿಫ್ಟು ವಾರಕ್ಕೆ ಒಂದೆರಡು ಸಲ ನಾಲ್ಕನೇ, ಐದನೇ ಮಹಡಿಯ ನಡುವೆ ನಿಂತುಬಿಡುತ್ತದೆ. ಇವರು ಬೆಳಗ್ಗೆಯಿಂದ ಸಂಜೆಯವರೆಗೆ ಹತ್ತುತ್ತಾ ಇಳಿಯುತ್ತಾ ಅದು ಯಾವಾಗ ನಿಲ್ಲುತ್ತದೋ ಅಂತ ಕಾಯುತ್ತಾರೆ.

"ರೀಸೆಟ್ ಮಾಡಿ ಬರೋದಪ್ಪ! ತಾನೇ ಓಡುತ್ತಲ್ಲ" ಅಂದೆ.

"ರೀಸೆಟ್ ಮಾಡಿದ್ರೆ ನನಗೆ ಸಮಾಧಾನ ಆಗುತ್ತೆ ಕಣೇ. ಲಿಫ್ಟಿಗೆ ಆಗಲ್ಲ."

"ಲಿಫ್ಟಿಗೆ ಬೇರೆ ಸಮಾಧಾನ ಮಾಡ್ಬೇಕಾ?"

"ಯಾವಾಗಲೂ ನಿಲ್ಲೋ ಲಿಫ್ಟು ಸಾಧು. ಯಾರೂ ಹತ್ತಲ್ಲ. ಅಪರೂಪಕ್ಕೆ ನಿಲ್ಲುತ್ತೆ ನೋಡು, ಅದಕ್ಕೆ ಹೆದರಬೇಕು."

ಅಕ್ಕ ಹೇಳಿದಳು, "ಇವರನ್ನ ಮದುವೆ ಆದಾಗ ಮೇಲೆ ಬರ್ತಾರೆ ಅಂದ್ಕೊಂಡಿದ್ದೆ. ಬಂದ್ರು. ಮತ್ತೆ ಇಳಿದ್ರು. ಮತ್ತೆ ಬಂದ್ರು."

ಜುಲೈ 12, ಶುಕ್ರವಾರ

ಆಮೆ ಕನೆಕ್ಷನ್ ಮರುಬಳಕೆಯ ಭಾಗವನ್ನು ಚೊಕ್ಕ ಮಾಡಿ ಕಳಿಸಿದ್ದಾಳೆ. ಆ ಭಾಗ ಗಡ್ಡ ಮೇ ತಿಂಗಳಲ್ಲಿ ಹೊಸದಾಗಿ ಬರೆದದ್ದು, ಈ ಸಲದ ಬಿಡುಗಡೆಯಲ್ಲಿ ಅದೇ ದೊಡ್ಡ ಸುದ್ದಿ. ಪ್ರತಿ ಪ್ರಶ್ನೆಗೂ ಹೊಸ ಕನೆಕ್ಷನ್ ತೆಗೆಯುವ ಬದಲು ಬಳಸಿದ್ದನ್ನೇ ಮತ್ತೆ ಬಳಸುವುದು, ಒಬ್ಬರು ಮಾತಾಡಿ ಇಟ್ಟ ಫೋನನ್ನು ಇನ್ನೊಬ್ಬರು ಎತ್ತಿಕೊಂಡ ಹಾಗೆ. ವೇಗ ಜಾಸ್ತಿ.

ಆಮೆಯ ತಿದ್ದುಪಡಿ ಒಂದೇ ಏಟಿಗೆ ಹಸಿರು. ಅವಳು ಕೇಳಿದಳು: "ದಾಖಲೆ ಏನು ಹೇಳ್ತಿದೆ?"

"ಎಲ್ಲ ಸರಿ ಇದೆ" ಅಂದೆ. ನೋಡಿರಲಿಲ್ಲ. ನೋಡಲು ಅಲ್ಲಿ ಏನಿರುತ್ತದೆ?

ಜುಲೈ 23, ಮಂಗಳವಾರ

ಬಿಡುಗಡೆ ಆಯಿತು. ಗಡ್ಡ ಎಲ್ಲರ ಮುಂದೆ ಬರೆದ: "ಹತ್ತು ವರ್ಷದಲ್ಲಿ ಇಷ್ಟು ಸಲೀಸಾಗಿ ಬಿಡುಗಡೆ ಆಗಿದ್ದು ಇದೇ ಮೊದಲು. ಇದರ ಯಶಸ್ಸು ನಮ್ಮ ಹೊಸ ಹುಡುಗಿಗೆ." ಆಮೇಲೆ ನನಗೊಬ್ಬಳಿಗೇ ಬರೆದ: "ಆಗಸ್ಟ್ ಕೊನೆಗೆ ಮಾತಾಡೋಣ. ನೀನು ತಲೆ ಕೆಡಿಸ್ಕೋಬೇಡ."

ಅಕ್ಕನಿಗೆ ಹೇಳಿದೆ. ಅವಳು ನನ್ನ ತಲೆ ಮೇಲೆ ಕೈ ಇಟ್ಟು ತೆಗೆದಳು. ತಲೆ ಅಲ್ಲಾಡಿಸಿಕೊಂಡೆ, ಆದರೆ ಬೇಗ ಅಲ್ಲ.

ಆಗಸ್ಟ್ 6, ಮಂಗಳವಾರ

ಒಂದು ದೂರು ಬಂದಿದೆ. ಒಂದು ಆಸ್ಪತ್ರೆಯ ಔಷಧಿ ಕೌಂಟರಿನ ಪ್ರೋಗ್ರಾಂ ನೋಡಿಕೊಳ್ಳುವವರು ಬರೆದದ್ದು. ಅವರು ನಮ್ಮ ಲೈಬ್ರರಿ ಬಳಸುತ್ತಾರೆ. ಹೊಸ ಬಿಡುಗಡೆ ಹಾಕಿಕೊಂಡ ಮೇಲೆ ಅಪರೂಪಕ್ಕೆ ಒಬ್ಬರ ಚೀಟಿ ಕೇಳಿದರೆ ಇನ್ನೊಬ್ಬರದು ಬರುತ್ತಿದೆಯಂತೆ. ಶನಿವಾರ ಒಂದು ಮಗುವಿನ ನಂಬರ್ ಒತ್ತಿದರೆ ಯಾರೋ ವಯಸ್ಸಾದವರ ಹೃದಯದ ಮಾತ್ರೆ ತೋರಿಸಿದೆ. ಕೌಂಟರಿನಾಕೆ ಮಾತ್ರೆ ಕೈಗೆ ತೆಗೆದುಕೊಂಡು, ಕೊಡುವ ಮುಂಚೆ ಸುಮ್ಮನೆ ತಲೆ ಎತ್ತಿ ನೋಡಿದ್ದಾಳೆ. ಎದುರಿಗೆ ಅಮ್ಮನ ಸೊಂಟದ ಮೇಲೆ ಎರಡು ವರ್ಷದ ಮಗು. ಕೊಡಲಿಲ್ಲ.

"ನಮ್ಮ ತಪ್ಪೋ ನಿಮ್ಮದೋ ಗೊತ್ತಿಲ್ಲ, ದಯವಿಟ್ಟು ನೋಡಿ" ಅಂತ ಬರೆದಿದ್ದಾರೆ. ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಬ್ಬರ ಉತ್ತರ ಇನ್ನೊಬ್ಬರಿಗೆ. ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಓದಿದ್ದೇನೆ. ನಲವತ್ತರಲ್ಲಿ ಒಂದು ಸಲ ಬೀಳುವ ಆ ಟೆಸ್ಟು ಪರೀಕ್ಷೆ ಮಾಡುವುದೇ ಅದನ್ನು.

ದಾಖಲೆಯ ಫೈಲು ತೆರೆದೆ. ಮೊದಲನೇ ಸಲ. ಮುನ್ನೂರ ಹನ್ನೆರಡು ಸಲ ಬಿದ್ದಿದೆ. ಮುನ್ನೂರ ಹನ್ನೆರಡು ಸಲವೂ ನನ್ನ ಎರಡನೇ ಅವಕಾಶ, ಇಲ್ಲ ಮೂರನೇ ಅವಕಾಶ, ಅದನ್ನು ಎಬ್ಬಿಸಿ ಹಸಿರು ಬಳಿದು ಕಳಿಸಿದೆ.

ಇನ್ನೊಂದು ಸಲ ಎಣಿಸಿದೆ. ಅಷ್ಟೇ.

ಆಗಸ್ಟ್ 7, ಬುಧವಾರ

ಆ ಭಾಗ ಬಳಸಬೇಡಿ, ಆಫ್ ಮಾಡಿಡಿ ಅಂತ ಗಡ್ಡ ಎಲ್ಲರಿಗೂ ಎಚ್ಚರಿಕೆ ಹಾಕಿದ್ದಾನೆ. ಅಷ್ಟಾದರೂ ಆಯಿತು. ಆದರೆ ಕೆಳಗೆ ಬರೆದಿದ್ದಾನೆ: "ಜುಲೈ ಹನ್ನೆರಡರ ತಿದ್ದುಪಡಿಯಿಂದ ಆಗಿರಬೇಕು. ಅಷ್ಟರ ತನಕ ಟೆಸ್ಟ್ ಎಲ್ಲ ಹಸಿರೇ ಇತ್ತಲ್ಲ. ಬಿಡುಗಡೆಗೆ ಮುಂಚೆ ಆ ಭಾಗ ಮುಟ್ಟಿದ್ದು ಅದೊಂದೇ."

ಅದು ಆಮೆಯ ತಿದ್ದುಪಡಿ.

ಕೆಳಗೆ ಒಬ್ಬ, "ಚೊಕ್ಕ ಮಾಡೋಕೆ ಹೋಗಿ ಕೆಡಿಸಿದ್ರು" ಅಂದ. ಇನ್ನೊಬ್ಬ ಹೌದು ಅಂದ. ಮತ್ತೊಬ್ಬ ನಗುವ ಚಿತ್ರ ಹಾಕಿದ.

ಆಮೆ ಬರೆದಳು: "ಇರಬಹುದು. ನೋಡ್ತೀನಿ."

ಅಷ್ಟೇ. ಜಗಳ ಆಡುವುದಿಲ್ಲವಾ ಇವಳು? ನಾನಾಗಿದ್ದರೆ ಕಂಪ್ಯೂಟರ್ ಎತ್ತಿ ಎಸೆಯುತ್ತಿದ್ದೆ. ಅವಳದಲ್ಲ ಅಂತ ತೋರಿಸುವ ಫೈಲು ನನ್ನ ಹತ್ತಿರ ಇದೆ. ಅವಳು ತಿದ್ದುವ ಮುಂಚೆಯೇ ನೂರ ಅರವತ್ತೊಂದು ಸಲ ಬಿದ್ದಿದೆ. ಆ ಫೈಲು ತೋರಿಸಿದರೆ ಮೊದಲು ಕಾಣುವುದು ನಾನು. ಎರಡನೆಯದಾಗಿ ಗಡ್ಡ, ಯಾಕೆಂದರೆ ಮೇ ತಿಂಗಳ ಕೋಡು ಅವನದು. ಆಗಸ್ಟ್ ಕೊನೆಗೆ ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವವನೂ ಅವನೇ.

ಸಾಲುಗಳಿಗೆ ಅರವತ್ತು ದಿನ. ಹದಿಮೂರನೇ ತಾರೀಕಿನಿಂದ ಒಂದೊಂದೇ ದಿನ ಅಳಿಸಿಹೋಗುತ್ತವೆ. ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು.

ಆಗಸ್ಟ್ 8, ಗುರುವಾರ

ಭಾವ ಊಟದ ಡಬ್ಬಿ ಮರೆತು ಹೋಗಿದ್ದರು. ಅಕ್ಕ ಕೆಲಸಕ್ಕೆ ಹೊರಟಿದ್ದಳು, ನಾನೇ ಒಯ್ದೆ. ಬೋರ್ಡು ನೋಡಿಕೊಂಡು ಕೂರುವುದೂ ಆಗುತ್ತಿರಲಿಲ್ಲ.

ಅದೇ ಆರು ಮಹಡಿಯ ಆಫೀಸು. ಲಿಫ್ಟಿನ ಮುಂದೆ "ದುರಸ್ತಿ ನಡೆಯುತ್ತಿದೆ" ಅನ್ನುವ ಹಳದಿ ಬೋರ್ಡು, ಪಕ್ಕದಲ್ಲಿ ಮೆಟ್ಟಿಲು ಹತ್ತುವವರ ಬೈಗುಳ. ಭಾವ ಮೂರನೇ ಮಹಡಿಯ ಬಾಗಿಲಿನ ಮೇಲ್ಭಾಗಕ್ಕೆ ಟಾರ್ಚ್ ಹಿಡಿದು ನಿಂತಿದ್ದರು.

"ಸಿಕ್ತಾ?"

"ಐದನೇದರಲ್ಲಿ ಸ್ಪ್ರಿಂಗ್ ಸಡಿಲ. ಬಾಗಿಲು ಮುಚ್ಚಿದ್ರೂ ಮುಚ್ಚಿಲ್ಲ ಅಂತ ಲಿಫ್ಟಿಗೆ ಅನ್ಸುತ್ತೆ, ನಿಂತುಬಿಡುತ್ತೆ. ಒಂದು ತಿಂಗಳ ಪಾಡು ಇಷ್ಟಕ್ಕೆ. ಆದ್ರೆ ಹುಡುಕ್ತಾ ಹುಡುಕ್ತಾ ಇಲ್ಲಿ ಇದು ಸಿಕ್ತು ನೋಡು."

ಬೆರಳುದ್ದದ ಒಂದು ತಂತಿ. ಬಾಗಿಲು ಮುಚ್ಚಿದೆಯೋ ಇಲ್ಲವೋ ಅಂತ ಹೇಳುವ ಸ್ವಿಚ್ಚಿನ ಎರಡು ತುದಿಗೂ ಅದನ್ನು ಯಾರೋ ಸೇರಿಸಿ ಕಟ್ಟಿದ್ದರು.

"ಅಂದ್ರೆ?"

"ಅಂದ್ರೆ ಮೂರನೇ ಮಹಡಿ ಬಾಗಿಲು ತೆಗೆದೇ ಇದ್ರೂ ಮುಚ್ಚಿದೆ ಅಂತಾನೇ ಹೇಳುತ್ತೆ. ಲಿಫ್ಟು ನಿಲ್ಲಲ್ಲ, ಹೋಗ್ತಾ ಇರುತ್ತೆ. ಯಾರೋ ಹತ್ತೋಕೆ ಕಾಲಿಟ್ಟಾಗ್ಲೂ."

ಬಾಗಿಲ ಆಚೆ ಕತ್ತಲೆಯ ಬಾವಿ ಇತ್ತು. ನಾನು ಒಂದು ಹೆಜ್ಜೆ ಹಿಂದೆ ಬಂದೆ.

ಭಾವ ನನ್ನನ್ನು ಮೇಲಿನ ಮೋಟರ್ ಕೋಣೆಗೆ ಕರೆದುಕೊಂಡು ಹೋದರು. ಎಣ್ಣೆ ವಾಸನೆ, ಕಾವು. ಗೋಡೆಗೆ ದಾರದಲ್ಲಿ ಒಂದು ಪುಸ್ತಕ ನೇತಾಡುತ್ತಿತ್ತು, ಇದರ ಥರದ್ದೇ. ಭಾವ ಪುಟ ಹಿಂದೆ ಹಿಂದೆ ತಿರುವಿದರು. ನಾಲ್ಕು ವರ್ಷದ ಪುಟ. ತಂತಿಯ ಮಾತೇ ಇಲ್ಲ.

"ಕಟ್ಟಿದವನ ಕೈ ಮುರೀಬೇಕು" ಅಂದೆ.

"ಕಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಕಿಡಿ. ಒಳಗೆ ಜನ ಸಿಕ್ಕಾಕ್ಕೊಂಡು ಕೂಗ್ತಿರ್ತಾರೆ. ನಾನೂ ಕಟ್ಟಿದ್ದೀನಿ. ಕಟ್ಟಿ ಇಳಿಸಿ, ಇಲ್ಲಿ ಬರೆದು, ಸಹಿ ಹಾಕಿ, ಲಿಫ್ಟ್ ಬಂದ್ ಮಾಡಿ ಹೋಗ್ಬೇಕು. ಮುಂದೆ ಬರೋನು ಪುಸ್ತಕ ನೋಡಿ ನಂಬ್ತಾನೆ. ಇವನು ಬರೆದಿಲ್ಲ." ಪುಸ್ತಕ ಮುಚ್ಚಿದರು. "ಅಷ್ಟೇ ಸಿಟ್ಟು."

ಭಾವನ ದನಿ ಏರಲಿಲ್ಲ. ಪೆನ್ನು ತೆಗೆದು ಬರೆಯತೊಡಗಿದರು. ಡಬ್ಬಿ ಕೊಟ್ಟು ಮೆಟ್ಟಿಲಲ್ಲಿ ಇಳಿದು ಬಂದೆ.

ಆಗಸ್ಟ್ 9, ಶುಕ್ರವಾರ

ಬೆಳಗ್ಗೆಯಿಂದ ಬರೆಯಲು ಕೂತೆ. ಒಂದು ಸಾಲು ಬರೆಯುವುದು, ಅಳಿಸುವುದು. ಕೈಯೇ ಬರುವುದಿಲ್ಲ. ಯಾಕೆ ಅಂತ ಗೊತ್ತು.

ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಪರೀಕ್ಷೆಗೆ ಒಂದು ಲೆಕ್ಕವನ್ನು ಮೇಷ್ಟ್ರು ಹೇಳಿಕೊಡದ ದಾರಿಯಲ್ಲಿ ಮಾಡಿದ್ದೆ. ನಾನೇ ಹುಡುಕಿದ ದಾರಿ. ನಕಲು ಅಂದರು. ಹೆಡ್‌ಮಾಸ್ಟರು ಒಂದು ಹಾಳೆ ಮುಂದಿಟ್ಟು, "ನಾನು ನಕಲು ಮಾಡಿದ್ದೇನೆ, ಕ್ಷಮಿಸಿ ಅಂತ ಬರೆದು ಸಹಿ ಹಾಕು, ಮುಗೀತು" ಅಂದರು. ಅಕ್ಕನನ್ನು ಕರೆಸಿದರು. ಅಕ್ಕ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, "ಎರಡು ಸಾಲು ತಾನೇ, ಬರೆದುಹಾಕೇ" ಅಂದಳು. ಪೆನ್ನು ಅಲ್ಲೇ ಮೇಜಿನ ಮೇಲೆ ಇಟ್ಟು ಎದ್ದು ಬಂದೆ. ಮತ್ತೆ ಆ ಗೇಟಿನೊಳಗೆ ಹೋಗಲಿಲ್ಲ. ಐದು ವರ್ಷ ಆಯಿತು. ಅಕ್ಕನೂ ನಾನೂ ಒಂದು ದಿನವೂ ಆ ಮಾತು ಎತ್ತಿಲ್ಲ.

ಮಾಡದ್ದಕ್ಕೆ ಸಹಿ ಹಾಕಲಿಲ್ಲ, ಸರಿ. ಈಗ ಮಾಡಿದ್ದೇನೆ. ಆಮೆಯ ಮುಂದೆ ಇಟ್ಟಿರುವ ಹಾಳೆ ನನ್ನದು.

ಮಧ್ಯಾಹ್ನ ಅಕ್ಕ ಊಟಕ್ಕೆ ಬಂದಳು. ಎಲ್ಲ ಹೇಳಿದೆ. ಮಗುವಿನ ವಿಷಯ ಹೇಳುವಾಗ ನೀರು ಕುಡಿಯುವ ಹಾಗೆ ನಟಿಸಿದೆ. ಅವಳು ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದಳು.

"ಬರೆದ್ರೆ ಕೆಲಸ ಹೋಗುತ್ತಾ?"

"ಹೋಗಬಹುದು."

"ಬರೀದಿದ್ರೆ ಯಾರಿಗೂ ಗೊತ್ತಾಗಲ್ವಾ?"

"ಇಲ್ಲ."

ಬರಿ ಅಂತಾಳೋ ಬೇಡ ಅಂತಾಳೋ ಅಂತ ಕಾದೆ. ಎರಡೂ ಅನ್ನಲಿಲ್ಲ. "ಅವತ್ತು ನಿನ್ನ ಕೈಗೆ ನಾನು ಪೆನ್ನು ಕೊಡಬಾರದಿತ್ತು" ಅಂದಳು. "ನೀನು ನಕಲು ಮಾಡಿಲ್ಲ ಅಂತ ನನಗೆ ಗೊತ್ತಿತ್ತು ಕಣೇ. ಶಾಲೆ ತಪ್ಪಿಹೋಗುತ್ತಲ್ಲ ಅಂತ ಭಯ. ಅಷ್ಟೇ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಬಂತು. ತೊಳೆಯಲು ಅಷ್ಟು ಹೊತ್ತು ಹಿಡಿಯುವಂಥ ತಟ್ಟೆಯೇನಲ್ಲ ಅದು.

ಮೂರು ಗಂಟೆಗೆ ಕಳಿಸಿದೆ. ಇದನ್ನೇ:

"ಈ ದೋಷವನ್ನು ನಮ್ಮ ಟೆಸ್ಟು ಮೇ ತಿಂಗಳಿಂದ ಹೇಳುತ್ತಾ ಬಂದಿದೆ. ಜೂನ್ 14ರಂದು ನಾನು ಅದರ ಬಾಯಿ ಮುಚ್ಚಿಸಿದೆ. ಬಿದ್ದ ಟೆಸ್ಟಿಗೆ ಮೂರು ಅವಕಾಶ ಕೊಟ್ಟದ್ದು ನಾನು. ವಾರಕ್ಕೊಮ್ಮೆ ದಾಖಲೆ ನೋಡುತ್ತೇನೆ ಅಂದಿದ್ದೆ, ಒಂದು ವಾರವೂ ನೋಡಲಿಲ್ಲ. ಜುಲೈ 12ಕ್ಕೆ ಕೇಳಿದಾಗ ಎಲ್ಲ ಸರಿ ಇದೆ ಅಂತ ಸುಳ್ಳು ಹೇಳಿದೆ. ಆ ದಿನದ ಹೊತ್ತಿಗಾಗಲೇ ಅದು 161 ಸಲ ಬಿದ್ದಿತ್ತು, ಹಾಗಾಗಿ ಆ ದಿನದ ತಿದ್ದುಪಡಿ ಕಾರಣ ಅಲ್ಲ. ಆಗಸ್ಟ್ 6ರ ತನಕ ಒಟ್ಟು 312. ಫೈಲು ಜೊತೆಗಿದೆ, 13ರಿಂದ ಅಳಿಸಿಹೋಗುತ್ತದೆ, ಇಳಿಸಿಟ್ಟುಕೊಳ್ಳಿ. ಮೂರು ಅವಕಾಶವನ್ನು ಈಗ ತೆಗೆಯುತ್ತಿದ್ದೇನೆ. ಬೋರ್ಡು ಕೆಂಪಾಗುತ್ತದೆ. ಔಷಧಿ ಕೌಂಟರಿನವರಿಗೆ ಬೇರೆಯಾಗಿ ಬರೆದಿದ್ದೇನೆ."

ಕಳಿಸಿ, ತೆಗೆದೆ. ಇಪ್ಪತ್ತು ನಿಮಿಷದಲ್ಲಿ ಬೋರ್ಡು ಹುಣ್ಣೆದ್ದ ಹಾಗೆ ಆಯಿತು.

ಆಗಸ್ಟ್ 10, ಶನಿವಾರ

ಗಡ್ಡ ಏನೂ ಬರೆದಿಲ್ಲ. ಮೊನ್ನೆ ನಗುವ ಚಿತ್ರ ಹಾಕಿದವನು ಅಳಿಸಿಕೊಂಡಿದ್ದಾನೆ. ಒಬ್ಬ, "ಓದು ಬರಹ ಇಲ್ಲದವರ ಕೈಗೆ ಕೊಟ್ಟರೆ ಹೀಗೇ" ಅಂತ ಬರೆದ. ಅವನಿಗೆ ಹೇಗೆ ಗೊತ್ತಾಯಿತೋ. ಉತ್ತರ ಟೈಪ್ ಮಾಡಿದೆ, ಒಳ್ಳೇ ಖಾರದ ಉತ್ತರ. ಅಷ್ಟರಲ್ಲಿ ಆಮೆಯ ಸಂದೇಶ ಬಂತು, ಅದು ಹಾಗೇ ಉಳಿಯಿತು.

"312 ಸಾಲನ್ನೂ ಓದಿದೆ. ಬಿದ್ದಿದ್ದರಲ್ಲಿ ಮುಕ್ಕಾಲು ಪಾಲು ನಿಧಾನದ ಎರಡು ಮಷೀನಿನಲ್ಲೇ ಇದೆ, ಗಮನಿಸಿದ್ಯಾ? ಸೋಮವಾರ ಬೆಳಗ್ಗೆ ಫೋನಲ್ಲಿ ಕೂರೋಣ."

ಬೈಗುಳ ಇರುತ್ತದೆ ಅಂತ ಕೊನೆಯವರೆಗೆ ಓದಿದೆ. ಅಷ್ಟೇ ಇತ್ತು.

ಆಗಸ್ಟ್ 12, ಸೋಮವಾರ

ಆಮೆಯ ದನಿ ಮೊದಲ ಸಲ ಕೇಳಿದೆ. ನಮ್ಮಮ್ಮ ಇದ್ದಿದ್ದರೆ ಇಷ್ಟು ವಯಸ್ಸಾಗಿರುತ್ತಿತ್ತೇನೋ. ಹಿಂದೆ ಏನೋ ಗಡಗಡ ಸದ್ದು.

"ತಡಿ ತಡಿ, ಈ ವಾಷಿಂಗ್ ಮಷೀನು ಸುತ್ತೋವಾಗ ನಡ್ಕೊಂಡು ಬರುತ್ತೆ. ಕಾಲಲ್ಲಿ ಒತ್ತಿ ಹಿಡ್ಕೋಬೇಕು. ಹಾಂ, ಹೇಳು."

ಅವಳು ಒಂದು ಕಾಲಲ್ಲಿ ಮಷೀನು ಹಿಡಿದುಕೊಂಡು ಹೇಳಿದ್ದು ಇದು. ನಿಧಾನದ ಮಷೀನಿನಲ್ಲಿ ಜಾಸ್ತಿ ಬೀಳುತ್ತದೆ ಅಂದರೆ ಇದು ಹೊತ್ತಿನ ಆಟ. ಬೇಕೆಂದೇ ಇನ್ನೂ ನಿಧಾನ ಮಾಡೋಣ, ಹತ್ತು ಸಾವಿರ ಸಲ ಓಡಿಸೋಣ, ಯಾವ ಜಾಗದಲ್ಲಿ ತಡ ಮಾಡಿದರೆ ಜಾಸ್ತಿ ಬೀಳುತ್ತದೋ ನೋಡೋಣ.

"ಅಷ್ಟು ಸಲ ನೋಡ್ತಾ ಕೂರ್ಬೇಕಾ?"

"ಬೇರೆ ಏನಾದ್ರೂ ಕೆಲಸ ಇದ್ಯಾ ನಿನಗೆ?"

ಇರಲಿಲ್ಲ. ಭಾವನ ಪ್ಲಾಸ್ಟಿಕ್ ಸ್ಟೂಲು ತಂದು ಕಾಲು ಮೇಲಿಟ್ಟುಕೊಂಡು ಕೂತೆ.

ಆಗಸ್ಟ್ 15, ಗುರುವಾರ

ಹತ್ತು ಸಾವಿರಕ್ಕೆ ಬಿದ್ದದ್ದು 259. ತಡ ಮಾಡುವ ಜಾಗ ಬದಲಾಯಿಸಿದೆವು.

ಆಗಸ್ಟ್ 16, ಶುಕ್ರವಾರ

ಬಿದ್ದದ್ದು 271. ಜಾಗ ಬದಲಾಯಿಸಿದೆವು. ಆಮೆ ತನ್ನ ಮಷೀನಿನ ಕೆಳಗೆ ರಬ್ಬರ್ ಇಟ್ಟಿದ್ದಾಳಂತೆ, ಭಾವ ಹೇಳಿದ ಉಪಾಯ. ಈಗ ನಡೆಯುವುದಿಲ್ಲವಂತೆ, ಕುಣಿಯುತ್ತದಂತೆ.

ಆಗಸ್ಟ್ 20, ಮಂಗಳವಾರ

ಹತ್ತು ಸಾವಿರಕ್ಕೆ ಹತ್ತು ಸಾವಿರವೂ ಬಿತ್ತು! ಸಿಕ್ಕಿತು. ಸಿಕ್ಕೇಬಿಟ್ಟಿತು!

ಒಬ್ಬರು ಪ್ರಶ್ನೆ ಕೇಳುತ್ತಾರೆ. ಉತ್ತರ ತಡವಾಗುತ್ತದೆ, ಸಾಕಾಗಿ ಫೋನ್ ಇಡುತ್ತಾರೆ. ಇಡುವ ಕ್ಷಣಕ್ಕೇ ಸರಿಯಾಗಿ ಉತ್ತರ ಬಂದರೆ ಅದು ಆ ಫೋನಿನಲ್ಲೇ ಉಳಿದುಬಿಡುತ್ತದೆ. ಮುಂದಿನವರು ಅದೇ ಫೋನ್ ಎತ್ತಿ ತಮ್ಮ ಪ್ರಶ್ನೆ ಕೇಳಿದರೆ ಕಿವಿಗೆ ಬೀಳುವುದು ಹಿಂದಿನವರ ಉತ್ತರ. ಉತ್ತರ ಪೂರ್ತಿ ಕೇಳದೆ ಇಟ್ಟ ಕನೆಕ್ಷನ್ನನ್ನು ಮತ್ತೆ ಬಳಸಬಾರದು, ಬಿಸಾಡಬೇಕು. ನಾಲ್ಕು ಸಾಲಿನ ತಿದ್ದುಪಡಿ.

ತಿದ್ದಿ ಹತ್ತು ಸಾವಿರ ಸಲ ಓಡಿಸಿದೆ. ಸೊನ್ನೆ. ಮತ್ತೆ ಹತ್ತು ಸಾವಿರ. ಸೊನ್ನೆ. ಆಮೆ "ಸಾಕು ಬಿಡೇ" ಅಂದರೂ ಇನ್ನೊಂದು ಹತ್ತು ಸಾವಿರ ಓಡಿಸಿ ಮಲಗಿದೆ.

ಆಗಸ್ಟ್ 22, ಗುರುವಾರ

ಔಷಧಿ ಕೌಂಟರಿನವರು ಬರೆದಿದ್ದಾರೆ. ತಿದ್ದಿದ್ದನ್ನು ಹಾಕಿಕೊಂಡು ಎರಡು ದಿನ ನೋಡಿದರಂತೆ, ಸರಿ ಇದೆಯಂತೆ. ಆದರೂ ಇನ್ನು ಮೇಲೆ ಮಾತ್ರೆ ಕೊಡುವ ಮುಂಚೆ ಹೆಸರು ಕೂಗಿ, ಮುಖ ನೋಡಿಯೇ ಕೊಡುವುದು ಅಂತ ಕೌಂಟರಿನಾಕೆ ನಿಯಮ ಮಾಡಿಕೊಂಡಿದ್ದಾಳಂತೆ.

"ಅವರಿಗೆ ನನ್ನ ನಮಸ್ಕಾರ ಹೇಳಿ" ಅಂತ ಬರೆದೆ. 

ಆಗಸ್ಟ್ 31, ಶನಿವಾರ

ಗಡ್ಡ ಫೋನ್ ಮಾಡಿದ. ಇಷ್ಟು ದಿನ ಅವನು ಮಾತಾಡಿರಲಿಲ್ಲ. ದನಿ ಗಡ್ಡಕ್ಕಿಂತ ಸಣ್ಣದು.

"ನಿನ್ನ ಮೇಲೆ ಸಿಟ್ಟಿತ್ತು" ಅಂದ. "ಆಮೇಲೆ ಜೂನ್ ಹದಿನಾಲ್ಕರದ್ದು ತೆಗೆದು ನೋಡಿದೆ. ದೋಷ ಮುಚ್ಚಿಹೋಗುತ್ತೆ ಅಂತ ಆಯಮ್ಮ ಅವತ್ತೇ ಎಚ್ಚರಿಸಿದ್ದಾರೆ. ಆಗಲಿ ಅಂತ ಒಪ್ಪಿದ್ದು ನಾನು. ಕೆಟ್ಟ ಕೋಡೂ ನಂದೇ. ನೀನು ಬರೆದ್ಯಲ್ಲ, ಅದರ ಕೆಳಗೆ ನಾನೂ ಇವತ್ತು ಬರೆದಿದ್ದೀನಿ. ನೋಡು."

"ನೋಡ್ತೀನಿ."

"ಇನ್ನೂ ಮೂರು ತಿಂಗಳು ನೋಡೋಣ. ಖಾಯಂ ಅಂತ ಈಗಲೇ ಹೇಳೋಕಾಗಲ್ಲ, ಕೆಲವರು ಒಪ್ತಿಲ್ಲ. ಆಗುತ್ತಾ?"

ಮೊದಲಾಗಿದ್ದರೆ ಏನಾದರೂ ಅನ್ನುತ್ತಿದ್ದೆ. ಬೋರ್ಡಿನಲ್ಲಿ ಯಾವುದೋ ಒಂದು ಕೆಂಪು ಮಿಣುಕುತ್ತಿತ್ತು, ಕಣ್ಣು ಅಲ್ಲಿತ್ತು. "ಆಗುತ್ತೆ" ಅಂದೆ.

ಅಕ್ಕನಿಗೆ ಹೇಳಿದೆ. "ಹೋಗಲಿಲ್ವಲ್ಲ, ಅಷ್ಟೇ ಸಾಕು" ಅಂದಳು. ಭಾವ, "ನಂದೂ ಹಾಗೇ, ಹದಿನಾರು ವರ್ಷದಿಂದ ನೋಡ್ತಾನೇ ಇದ್ದಾರೆ" ಅಂದರು.

ಸೆಪ್ಟೆಂಬರ್ 3, ಮಂಗಳವಾರ

ಬೋರ್ಡಿನಲ್ಲಿ ಹನ್ನೊಂದು ಕೆಂಪು. ಒಂಬತ್ತು ಯಾಕೆ ಅಂತ ಗೊತ್ತು. ಎರಡು ಗೊತ್ತಿಲ್ಲ.

ಹೊಸಬ ಒಬ್ಬ ಮೊದಲ ತಿದ್ದುಪಡಿ ಕಳಿಸಿದ್ದಾನೆ, ಕೆಂಪಾಗಿದೆ. ಎಲ್ಲರೂ ಓದುವ ಜಾಗದಲ್ಲಿ ಬರೆದಿದ್ದಾನೆ: "ನಾನು ಮುಟ್ಟದೇ ಇರೋ ಟೆಸ್ಟು ಬಿದ್ರೆ ನಾನೇನು ಮಾಡ್ಲಿ? ಇದನ್ನ ಬರೆದೋರಿಗೆ ಬುದ್ಧಿ ಬೇಡ್ವಾ?" ಎಂಥ ಒರಟ. ಇಂಥವರೆಲ್ಲ ಎಲ್ಲಿಂದ ಬರುತ್ತಾರೋ. "ಬುದ್ಧಿ ಕಮ್ಮಿ ಇದ್ರೂ ಟೆಸ್ಟು ಸುಳ್ಳು ಹೇಳಲ್ಲ. ಯಾಕೆ ಬಿತ್ತು ಅಂತ ನನಗೂ ಗೊತ್ತಿಲ್ಲ. ಪುರುಸೊತ್ತಿದ್ರೆ ಒಟ್ಟಿಗೆ ಕೂತು ನೋಡೋಣ" ಅಂತ ಬರೆದು ಚಹಾ ಮಾಡಲು ಎದ್ದೆ.

ಚಹಾ ಕುದಿಯುವ ತನಕ ಈ ಪುಸ್ತಕ ಮೊದಲಿಂದ ತಿರುವಿದೆ. ಬಲಗಡೆಯ ಸಹಿ ಕಾಲಂ ಎಲ್ಲ ಪುಟದಲ್ಲೂ ಖಾಲಿ ಇತ್ತು. ಕೆಲವು ಕಡೆ ನನ್ನ ಅಕ್ಷರ ಅದರ ಮೇಲೆ ಹತ್ತಿದೆ, ಆದರೂ ಮೂಲೆಯಲ್ಲಿ ಜಾಗ ಇತ್ತು. ಪೆನ್ನು ಕೈಯಲ್ಲೇ ಇತ್ತಲ್ಲ, ಒಂದೊಂದೇ ದಿನಕ್ಕೆ ಸಹಿ ಹಾಕುತ್ತಾ ಬಂದೆ. ಜೂನ್ ಹದಿನಾಲ್ಕಕ್ಕೂ ಹಾಕಿದೆ.